ಅತಿಥಿ ಕುರ್ಚಿಯ ತಂಪು

ನಿಜ ಹೇಳಿ, ಬರೀ ತಂಪಿನ ಆಸೆಗೆ ಓದುವವರ ವೇಷ ಹಾಕಿಕೊಂಡು ನೀವು ಎಲ್ಲಾದರೂ ಕೂತಿದ್ದೀರಾ? ಇಲ್ಲ ಎನ್ನುವವರು ಹೊಸಪೇಟೆ ಕಡೆಯ ಬೇಸಿಗೆ ಕಂಡಿಲ್ಲ, ಅಷ್ಟೆ. ನಾನಂತೂ ಕೂತಿದ್ದೇನೆ.

ಫೋನಿನಲ್ಲಿ ಕನ್ನಡ ಒತ್ತುವುದನ್ನು ಕಲಿತು ಎರಡು ತಿಂಗಳೂ ಆಗಿಲ್ಲ. ಒಂದು ಒತ್ತಕ್ಷರ ಹುಡುಕುವಷ್ಟರಲ್ಲಿ ಪರದೆ ಕಪ್ಪಾಗುತ್ತದೆ, ಮತ್ತೆ ಬೆರಳಿನಿಂದ ಮುಟ್ಟಿ ಎಬ್ಬಿಸಬೇಕು. ಹಾಗೆ ಎಬ್ಬಿಸುವಾಗಲೆಲ್ಲ ನಾಲ್ಕೈದು ವರ್ಷದ ಹಿಂದಿನ ಇನ್ನೊಂದು ಪರದೆ ನೆನಪಾಗುತ್ತದೆ. ಆ ಪರದೆಯ ಜೊತೆಗೆ, ನನ್ನ ಬೆನ್ನ ಹಿಂದೆ ಸ್ಟೂಲಿನ ಮೇಲೆ ಕೂತಿದ್ದ ಒಬ್ಬ ಹುಡುಗಿಯೂ.

ಆಗ ಮೊಮ್ಮಗಳು ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದಳು. ಕಮಲಾಪುರದಲ್ಲಿ ಅವಳದೊಂದು ತಗಡಿನ ಬಾಡಿಗೆ ಕೋಣೆ. ಅಡುಗೆ ಮಾಡಿ ಹಾಕುತ್ತೇನೆಂದು ಹೋದ ನಾನು, ಅನ್ನ ಬೇಯುವ ಮೊದಲೇ ಬೇಯುತ್ತಿದ್ದೆ. ಮೂರನೆಯ ದಿನ ಅವಳ ಬೆನ್ನು ಹತ್ತಿ ಗ್ರಂಥಾಲಯಕ್ಕೆ ಹೋದೆ. ಪುಸ್ತಕಗಳಿದ್ದ ಕಡೆ ಫ್ಯಾನು, ಕಂಪ್ಯೂಟರ್ ಕೋಣೆಯಲ್ಲಿ ಏಸಿ. ಯಂತ್ರಕ್ಕೆ ಸೆಕೆ ತಡೆಯಲು ಆಗುವುದಿಲ್ಲವಂತೆ. ನನಗೂ ಆಗುವುದಿಲ್ಲ ಎಂದು ಅಲ್ಲಿಗೇ ನುಗ್ಗಿದೆ.

ಅಲ್ಲಿ ಹೊರಗಿನವರಿಗೆಂದು ಇದ್ದದ್ದು ಒಂದೇ ಕಂಪ್ಯೂಟರ್. ರಿಜಿಸ್ಟರಿನಲ್ಲಿ ಹೆಸರು, ಊರು, ಬಂದ ಕಾರಣ ಬರೆದರೆ, ಆ ಕೋಣೆ ನೋಡಿಕೊಳ್ಳುತ್ತಿದ್ದ ನೀಲಮ್ಮ ‘ಅತಿಥಿ’ ಎಂದು ಅಚ್ಚಾದ ಒಂದು ಚೀಟಿ ಕೊಡುತ್ತಿದ್ದಳು. ಒಂದು ಗಂಟೆ ಕೂರಬಹುದು, ಕಾಯುವವರಿಲ್ಲದಿದ್ದರೆ ಇನ್ನಷ್ಟು ಹೊತ್ತು. ಕಾರಣದ ಜಾಗದಲ್ಲಿ ನಾನು ‘ಅಧ್ಯಯನ’ ಎಂದು ಬರೆದೆ. ನೀಲಮ್ಮ ಅದನ್ನೂ ನನ್ನ ಮುಖವನ್ನೂ ಒಂದೊಂದು ಸಲ ನೋಡಿ, ಕಂಪ್ಯೂಟರ್ ತೆರೆದು ಕೊಟ್ಟು ಹೋದಳು. ಹತ್ತು ನಿಮಿಷ ಏನೂ ಒತ್ತದಿದ್ದರೆ ಪರದೆ ಕಪ್ಪಾಗುತ್ತದೆ, ಆಗ ಎಬ್ಬಿಸಿ ಕಳಿಸುತ್ತಾರೆ ಎಂದು ಮೊದಲ ದಿನವೇ ತಿಳಿಯಿತು. ನನಗೆ ಒತ್ತಲು ಬರುವುದಿಲ್ಲವಲ್ಲ, ಒಂದೇ ಕೀಲಿಯ ಮೇಲೆ ಬೆರಳು ಊರಿ ಹಿಡಿಯುತ್ತಿದ್ದೆ. ಒಂದೇ ಅಕ್ಷರ ಸಾಲುಸಾಲಾಗಿ ಬೆಲ್ಲ ಕಂಡ ಇರುವೆಗಳಂತೆ ಓಡುತ್ತಿತ್ತು. ದೂರದಿಂದ ನೋಡಿದವರಿಗೆ ಮುದುಕಿ ಏನೋ ಘನವಾದದ್ದು ಬರೆಯುತ್ತಿದ್ದಾಳೆ ಅನ್ನಿಸಬೇಕು, ಹಾಗೆ ಹುಬ್ಬು ಗಂಟು ಹಾಕಿಕೊಳ್ಳುತ್ತಿದ್ದೆ.

ಹೀಗೆ ಕೂರತೊಡಗಿದ ನಾಲ್ಕನೆಯ ದಿನ ಮಧ್ಯಾಹ್ನ ಆ ಹುಡುಗಿ ಬಂದಳು. ಒಂದು ಕೈಯಲ್ಲಿ ನೋಟ್‌ಬುಕ್, ಇನ್ನೊಂದರಲ್ಲಿ ಅತಿಥಿ ಚೀಟಿ. ಬಂದವಳೇ ಸ್ಟೂಲಿನ ಮೇಲೆ ಕೂತು ಸೆರಗಿನಿಂದ ಬೆವರು ಒರೆಸಿಕೊಂಡಳು. ಇವಳೂ ನನ್ನ ಜಾತಿಯವಳೇ, ತಂಪಿಗೆ ಬಂದವಳು ಅಂದುಕೊಂಡು ಕಣ್ಣು ಮಿಟುಕಿಸಿದೆ. ಅವಳು ಸಂಕೋಚದಿಂದ ನಕ್ಕಳು. ಗಂಟೆ ಮುಗಿದಾಗ ನೀಲಮ್ಮ ತನ್ನ ಮೇಜಿನಿಂದಲೇ, ನಿಮ್ಮದಾಯಿತೇ ಎಂದು ಕೇಳಿದಳು.

“ಇನ್ನೂ ಅರ್ಧಾನೂ ಆಗಿಲ್ಲವ್ವ,” ಅಂದೆ.

ನೀಲಮ್ಮ ಹುಡುಗಿಯ ಕಡೆ ನೋಡಿದಳು. ಹುಡುಗಿ ಎದ್ದು ನಿಂತು, “ಇರ್ಲಿ ಬಿಡ್ರಿ, ಅಮ್ಮಾರದು ಆಗ್ಲಿ,” ಎಂದು ಮತ್ತೆ ಕೂತಳು.

ಇಲ್ಲಿ ನನ್ನ ಅತ್ತೆಯ ಮಾತು ಬರಬೇಕು. ಕಂಪ್ಲಿಯ ನಮ್ಮ ಮನೆಗೆ ಬಂದವರನ್ನು ಏಳಿ ಎಂದವರು ಯಾರೂ ಇಲ್ಲ. ಗದ್ದೆಯವರು, ರೈಸ್‌ಮಿಲ್ಲಿನವರು, ಬೀಗರು, ಯಾರೇ ಬಂದರೂ ಕಟ್ಟೆ ಬಿಟ್ಟು ಬೇಗ ಏಳುತ್ತಿರಲಿಲ್ಲ. ಬಂದವರು ತೀರಾ ಹೊತ್ತು ಕೂತರೆ ಅತ್ತೆ ಒಳಗೆ ಪಾತ್ರೆಗಳನ್ನು ತುಸು ಜೋರಾಗಿ ಇಡುತ್ತಿದ್ದಳು. ತಿಳಿದವರು ಎಲೆಯಡಿಕೆ ಮುಗಿಸಿ ಏಳುತ್ತಿದ್ದರು. ತಿಳಿಯದವರಿಗೆ ಇನ್ನೊಂದು ಲೋಟ ಚಹಾ. ಅತಿಥಿಯಾಗುವುದು ಎಂದರೆ ಒಳಮನೆಯ ಸದ್ದು ಕೇಳಿಸಿಕೊಳ್ಳುವುದು ಎಂದು ನನಗೆ ಕಲಿಸಿದವಳು ಅವಳೇ. ಆದರೆ ಗ್ರಂಥಾಲಯದಲ್ಲಿ ಪಾತ್ರೆ ಎಲ್ಲಿಂದ ಬರಬೇಕು? ಅಲ್ಲಿ ಗೋಡೆಯ ತುಂಬ ‘ಸದ್ದು ಮಾಡಬೇಡಿ’ ಎಂದೇ ಬರೆದಿತ್ತು.

ನಾಲ್ಕೂವರೆಯ ಹೊತ್ತಿಗೆ ಅಕ್ಷರದ ಇರುವೆಗಳನ್ನು ಓಡಿಸಿ ಬೇಸರವಾಗಿ, ಮಾತಿಗೆಂದು ತಿರುಗಿ ಯಾವೂರು ಎಂದು ಕೇಳಿದೆ. ಸಂಡೂರು, ಹೆಸರು ಹುಲಿಗೆಮ್ಮ ಅಂದಳು. ಎರಡು ಬಸ್ಸು ಬದಲಿಸಿ ಬಂದಿದ್ದಳು. ಮರುದಿನ ಅವಳಿಗೆ ಹಂಪಿ ಗೈಡುಗಳ ಪರೀಕ್ಷೆ. ಹಳೆಯ ಕಾಲುವೆಗಳ ಬಗ್ಗೆ ಯಾರೋ ಬರೆದ ಪ್ರಬಂಧವೊಂದು ಆ ಗ್ರಂಥಾಲಯದ ಕಂಪ್ಯೂಟರಿನಲ್ಲಿ ಬಿಟ್ಟರೆ ಬೇರೆಲ್ಲೂ ಓದಲು ಸಿಗದು. ಕೋಣೆ ಐದಕ್ಕೆ ಮುಚ್ಚುತ್ತದೆ. ಇಷ್ಟನ್ನೂ ಅವಳು ದೂರಿನ ದನಿಯೇ ಇಲ್ಲದೆ ಹೇಳಿದಳು. ಏಸಿಯಲ್ಲೂ ನನ್ನ ಬೆನ್ನು ಬೆವರಿತು.

ಎದ್ದೆ. ಅವಳು ಕೂತಳು. ಪರದೆಯ ತುಂಬ ಒಂದೇ ಅಕ್ಷರ, ಪುಟಗಟ್ಟಲೆ. ಎರಡು ಗಂಟೆ ಕಾದದ್ದು ಯಾವ ಅಧ್ಯಯನಕ್ಕೆ ಎಂದು ಅವಳಿಗೆ ತಿಳಿದುಹೋಯಿತು. ಬೈದಿದ್ದರೆ ನಾನೂ ಏನಾದರೂ ಅಂದು ಹಗುರಾಗುತ್ತಿದ್ದೆ. ಅವಳು ಅದನ್ನೆಲ್ಲ ಅಳಿಸಿ, ತನ್ನ ಪ್ರಬಂಧ ತೆರೆದು ಬರೆದುಕೊಳ್ಳತೊಡಗಿದಳು.

ನನಗೆ ಬರುವ ವಿದ್ಯೆ ಒಂದೇ, ಮಾತು. ನೀಲಮ್ಮನ ಮೇಜಿನ ಮುಂದೆ ಕೂತು ಅವಳ ತವರು, ಅವಳ ಮಂಡಿನೋವು, ಅದಕ್ಕೆ ನನ್ನ ಎಣ್ಣೆ, ನನ್ನ ನಾದಿನಿಯ ಮಂಡಿ, ಎಲ್ಲವನ್ನೂ ಎಳೆದೆ. ಐದಾಯಿತು, ಐದೂಕಾಲಾಯಿತು. ಕೊನೆಗೆ ಅವಳು ಬೀಗ ಕೈಗೆ ತೆಗೆದುಕೊಂಡು, “ನಿಮ್ಮ ಆಟ ನನಗ ತಿಳಿಯಂಗಿಲ್ಲೇನ್ರಿ? ಇನ್ನ ಹತ್ತು ನಿಮಿಷ ನೋಡ್ರಿ, ಅಷ್ಟ,” ಅಂದಳು.

ಹತ್ತು ನಿಮಿಷವೂ ಮುಗಿಯಿತು. ಹೊರಡುವಾಗ ಹುಲಿಗೆಮ್ಮ ನೋಟ್‌ಬುಕ್ ಮುಚ್ಚಿ, “ಅರ್ಧ ಆತ್ರಿ ಅಮ್ಮಾರ, ಸಾಕು,” ಎಂದು ಬಸ್ಸಿಗೆ ಓಡಿದಳು. ನಾನು ಸುಳ್ಳು ಹೇಳುವಾಗ ಆಡಿದ ‘ಅರ್ಧ’ ಅವಳ ಬಾಯಲ್ಲಿ ನಿಜವಾಗಿತ್ತು. ಮರುದಿನದಿಂದ ನಾನು ತಗಡಿನ ಕೆಳಗೇ ಕೂತೆ. ಬೇಸಿಗೆ ಮುಗಿದರೂ ಆ ಅರ್ಧ ಮುಗಿಯಲಿಲ್ಲ.

ಮೊನ್ನೆ ಕಂಪ್ಲಿಯ ಮನೆಗೆ ನೆಂಟರು ಬಂದರೆಂದು ಹಂಪಿಗೆ ಕರೆದುಕೊಂಡು ಹೋಗಿದ್ದೆ. ಕಾಲು ಸೋತು ಬಜಾರಿನ ಮಂಟಪವೊಂದರ ಹತ್ತಿರ ಕೆತ್ತನೆಯ ಕಲ್ಲಿನ ಮೇಲೆ ಕೂತುಬಿಟ್ಟೆ. ಎಂಟು ಹತ್ತು ಪ್ರವಾಸಿಗರನ್ನು ಹಿಂದಿಟ್ಟುಕೊಂಡು ಬರುತ್ತಿದ್ದ ಗೈಡ್ ಒಬ್ಬಳು, ಮಡಚಿದ ಕೊಡೆಯನ್ನು ನನ್ನ ಕಡೆ ತೋರಿಸಿ, ಅದು ಕೂರುವ ಕಲ್ಲಲ್ಲ, ಏಳಿ ಎಂದಳು. ಕೊರಳಲ್ಲಿ ಗುರುತಿನ ಚೀಟಿ. ಮುಖ ನೋಡಿದೆ, ಅವಳೂ ನೋಡಿದಳು. ಹುಲಿಗೆಮ್ಮ.

ಪರೀಕ್ಷೆ ಏನಾಯಿತೆಂದು ಕೇಳಲು ಹೆದರಿಕೆಯಾದರೂ ಕೇಳಿದೆ. ಆ ಸಲ ಹೋಯಿತಂತೆ. ಕೊನೆಯ ಪ್ರಶ್ನೆ, ಓದದೆ ಉಳಿದ ಅರ್ಧದಲ್ಲಿದ್ದ ಕಾಲುವೆಯ ಮೇಲೆ ಇತ್ತಂತೆ. ಮರುವರ್ಷ ಮತ್ತೆ ಬರೆದು ಪಾಸಾದಳಂತೆ. ಅವಳ ಒಂದು ವರ್ಷ ನನ್ನ ತಂಪಿಗೆ ಹೋಗಿತ್ತು. ತಪ್ಪಾಯಿತು ಎನ್ನಬೇಕು ಎಂದು ಎಷ್ಟೋ ದಿನ ಅಂದುಕೊಂಡಿದ್ದವಳು ನಾನು. ಆದರೆ ಹಾಳು ಬಾಯಿ, ಆಗಲೂ ತಪ್ಪನ್ನು ಅವಳ ಕಡೆಗೇ ತಳ್ಳಿತು.

“ಅವತ್ತ ಒಂದ್ ಮಾತು ಏಳ್ರಿ ಅಂದಿದ್ರ ಎದ್ದಿರತಿದ್ನಲ್ಲ ತಂಗಿ.”

“ಅವತ್ತ ಅನ್ನಾಕ ಬಾಯಿ ಬರಲಿಲ್ರಿ ಅಮ್ಮಾರ. ಈಗ ಅಂದು ಎಷ್ಟೊತ್ತಾತು, ಇನ್ನೂ ಕುಂತ ಅದೀರಲ್ಲ. ಏಳ್ರಿ.”