ಒಬ್ಬಾಕಿಯ ಕೂಲಿಗೆ ಒಂದು ಮಳೆಗಾಲ

ನನ್ನ ಗಂಡ ಬ್ಯಾಡಗಿ ಮಾರುಕಟ್ಟೆಯಲ್ಲಿ ಹಮಾಲನಾಗಿದ್ದ. ಮೆಣಸಿನಕಾಯಿ ಚೀಲ ಹೊರುತ್ತಿದ್ದ. ಸುಗ್ಗಿ ಜೋರಿದ್ದಾಗಲೇ ಎದೆನೋವು ಬಂದು ಸತ್ತ. ದಿನಕರ್ಮ ಮುಗಿದ ಮರುದಿನ ನಮ್ಮಣ್ಣ ಹಲಗೇರಿಯಿಂದ ಬಂದು ಹೊಸ್ತಿಲಲ್ಲಿ ನಿಂತ.

"ಸಾಮಾನು ಕಟ್ಟು. ಒಬ್ಬಾಕಿ ಇಲ್ಲಿ ಏನ್ ಮಾಡ್ತಿ?"

"ತುಂಬು ಬಿಡಸ್ತೇನಿ."

"ಅದರಾಗ ಹೊಟ್ಟಿ ತುಂಬತೈತೇನು?"

"ಈ ಮಳಿಗಾಲ ಕಳೀಲಿ. ನಡೀಲಿಲ್ಲಂದ್ರ ನಾನೇ ಬರ್ತೇನಿ."

ಅಣ್ಣ ಕೆಟ್ಟವನಲ್ಲ. ಅವನ ಮನೆಯಲ್ಲಿ ಉಣ್ಣಲು ಬೇಕಾದಷ್ಟಿತ್ತು. ಆದರೆ ಅಲ್ಲಿಗೆ ಹೋದರೆ ಸಾಯುವ ತನಕ ಅವನ ಹೆಂಡತಿ, ನಮ್ಮ ವೈನಿಗಿಂತ ಮೊದಲು ಏಳಬೇಕು, ಆಕೆಯದಾದ ಮೇಲೆ ಉಣ್ಣಬೇಕು. ಮಗಳನ್ನು ರಾಣೇಬೆನ್ನೂರಿಗೆ ಕೊಟ್ಟಿದ್ದೆ. ಅಳಿಯನ ಮನೆಯಲ್ಲಿ ಹೋಗಿ ಇರುವ ಮಾತೇ ಇಲ್ಲ.

ತುಂಬು ಬಿಡಿಸುವುದೆಂದರೆ ಒಣ ಮೆಣಸಿನಕಾಯಿಯ ತೊಟ್ಟು ಮುರಿಯುವುದು. ಬೆಳಗಿನಿಂದ ಸಂಜೆಯ ತನಕ ರಾಶಿಯ ಮುಂದೆ ನೆಲಕ್ಕೆ ಕೂತಿರಬೇಕು. ತೂಕದ ಮೇಲೆ ಕೂಲಿ. ಸೀನು ನಾಲ್ಕು ದಿನಕ್ಕೆ ನಿಲ್ಲುತ್ತದೆ, ಕೈ ಉರಿ ನಿಲ್ಲುವುದಿಲ್ಲ.

ಒಬ್ಬಾಕಿಗೆ ಏನು ಮಹಾ ಬೇಕು ಅಂತ ಜನ ಅನ್ನುತ್ತಾರೆ. ಒಬ್ಬರೇ ಇದ್ದು ನೋಡಬೇಕು. ಗಂಡ ಸತ್ತ ಅಂತ ಖೋಲಿಯ ಮಾಲೀಕ ಬಾಡಿಗೆ ಅರ್ಧ ಮಾಡುವುದಿಲ್ಲ. ಇಬ್ಬರು ಕೂತಾಗ ಎಷ್ಟು ಕುಡಿಯುತ್ತಿತ್ತೋ ಅಷ್ಟೇ ಎಣ್ಣೆಯನ್ನು ಚಿಮಣಿ ದೀಪ ಒಬ್ಬಳ ಮುಂದೆಯೂ ಕುಡಿಯುತ್ತದೆ. ಎರಡು ರೊಟ್ಟಿ ಬೇಯಿಸಲಿಕ್ಕೂ ಹಂಚು ಕಾಯಲೇಬೇಕು. ಕಡಿಮೆಯಾದದ್ದು ಜೋಳ ಮಾತ್ರ. ಮಾತೂ ಕಡಿಮೆಯಾಯಿತು, ಅದಕ್ಕೆ ಮೊದಲೂ ರೊಕ್ಕ ಹತ್ತುತ್ತಿರಲಿಲ್ಲ.

ಮಳೆ ಹಿಡಿದರೆ ಈ ಕೂಲಿಯೂ ಇಲ್ಲ. ಮಾರುಕಟ್ಟೆಗೆ ಕಾಯಿ ಬರುವುದು ನಿಲ್ಲುತ್ತದೆ.

ಪಕ್ಕದ ಖೋಲಿಯಲ್ಲಿ ನನ್ನ ಹಾಗೆಯೇ ಗಂಡ ಸತ್ತ ಒಬ್ಬ ಮುಸ್ಲಿಂ ಹೆಂಗಸು ಇದ್ದಳು. ಹಳೆ ಸೀರೆ ಕೊಟ್ಟವರಿಗೆ ಕೌದಿ ಹೊಲಿದುಕೊಟ್ಟು ಬದುಕುತ್ತಿದ್ದಳು. ಅವರ ಮಾತಿನಲ್ಲಿ ಅಕ್ಕನಿಗೆ ಅನ್ನುವ ಹಾಗೆ ನಾನು ಆಪಾ ಅನ್ನುತ್ತಿದ್ದೆ. ಒಂದು ಸಂಜೆ ಕುದಿಯುವ ನೀರು ಹಾಕಿದ ಜೋಳದ ಹಿಟ್ಟನ್ನು ನಾದಲಾರದೆ ನಾನು ಕೈ ಕೊಡವುತ್ತಿದ್ದೆ. ಆಪಾ ಬಾಗಿಲಲ್ಲಿ ನಿಂತು ನೋಡಿದಳು.

"ಏನ್ ಬೇ, ಹಿಟ್ಟಿನ ಜೋಡಿ ಜಗಳ ತಗದೀಯೇನು?"

"ಕೈಗೆ ಬೆಂಕಿ ಹತ್ತೇತಿ ಆಪಾ."

"ಸರಿ ಆ ಕಡೆ, ನಾ ಬಡೀತೇನಿ. ನನ್ನ ಕೈದು ಬ್ಯಾಡಂದ್ರ ಈಗ ಹೇಳು, ಉಪವಾಸ ಮಲಗು."

ಆಕೆ ಬಡಿದ ರೊಟ್ಟಿ ಉಂಡೆ. ನನ್ನ ರೊಟ್ಟಿಗಿಂತ ತೆಳ್ಳಗಿದ್ದವು.

ಮಳೆ ಬರುವ ಮೊದಲು ಆಪಾ ತನ್ನ ಖೋಲಿ ಬಿಟ್ಟು, ಟ್ರಂಕು ಹೊತ್ತುಕೊಂಡು ನನ್ನ ಖೋಲಿಗೆ ಬಂದಳು. ಬಾಡಿಗೆ ಅರ್ಧರ್ಧ. ಜನರ ಬಾಯಿಗೆ ಅಂಜಿ ಮೊದಲು ಎರಡು ಒಲೆ ಹೂಡಿದೆವು. ಕಟ್ಟಿಗೆ ಕರಗುವುದನ್ನು ನೋಡಿ ಒಂದನ್ನು ನಾನೇ ಕೆಡವಿದೆ. ಆಪಾ ಮಾಂಸ ತಿನ್ನಬೇಕೆಂದರೆ ಹಾವೇರಿಯ ತಂಗಿಯ ಮನೆಗೆ ಹೋಗಿ ತಿಂದು ಬರುತ್ತಿದ್ದಳು. ಹಾಗೆ ಮಾಡು ಅಂತ ನಾನೇನೂ ಕೇಳಿರಲಿಲ್ಲ. ನನಗೂ ಕೌದಿ ಹೊಲಿಯಲು ಕಲಿಸಿದಳು. "ನಿನ್ನ ಹೊಲಿಗಿ ನೋಡಿದ್ರ ಕುಂಟ ಎತ್ತು ನಡದಂಗ ಐತಿ" ಅನ್ನುತ್ತಿದ್ದಳು. ಆ ಕುಂಟ ಎತ್ತಿನಿಂದಲೇ ನನ್ನ ಪಾಲಿನ ಬಾಡಿಗೆ ಹುಟ್ಟಿತು.

ಮಳೆಗಾಲದ ನಡುವೆ ಅಣ್ಣ ಬಂದ. ಕೈಕಾಲು ತೊಳೆದು ಕೂತ. ತಾಟು ಮುಂದಿಟ್ಟೆ.

"ರೊಟ್ಟಿ ಯಾರ ಕೈದು?"

"ಆಪಾಂದು."

ಅವನು ತಾಟು ಮುಟ್ಟಲಿಲ್ಲ. ಆಪಾ ಎದ್ದು ಹೊರಗೆ ಹೋದಳು.

"ಒಲಿ ಬ್ಯಾರೆ ಮಾಡಿಕೋ" ಅಂದ.

"ಕಟಗಿ?"

"ನಾ ಕಳಸ್ತೇನಿ."

"ಆಕಿ ಎದ್ದು ಹೋದ್ಲಂದ್ರ ಬಾಡಿಗಿ? ಚಿಮಣಿ ಎಣ್ಣಿ? ಮತ್ತ ನಿನ್ನ ಮನಿಗೇ ಬರಬೇಕಾಕ್ಕೈತಿ ನಾನು."

"ಬಾ ಅಂತನೇ ಅಂದಿದ್ದೆ."

"ನಾನು ಒಲ್ಲೆ ಅಂದಿದ್ದೆ."

ಛತ್ರಿ ತೆಗೆದುಕೊಂಡು ಎದ್ದ. ನೀರನ್ನೂ ಕುಡಿಯಲಿಲ್ಲ.

ಮದುವೆಯಾದಾಗಿನಿಂದ ಪ್ರತಿವರ್ಷ ನಾಗರ ಪಂಚಮಿಗೆ ಅವನೇ ಬಂದು ನನ್ನನ್ನು ತವರಿಗೆ ಕರೆದೊಯ್ಯುತ್ತಿದ್ದ. ಈ ಸಲ ಬರುವುದಿಲ್ಲ ಅಂತ ಗೊತ್ತಿತ್ತು. ಆದರೂ ಸೀರೆ ಒಗೆದು ಮಡಚಿ ಇಟ್ಟಿದ್ದೆ. ಆಪಾ ತಂಗಿಯ ಬಾಣಂತನಕ್ಕೆ ಹಾವೇರಿಗೆ ಹೋಗಿದ್ದಳು. ನಮ್ಮ ಚಾಳಿನ ಎಲ್ಲ ಖೋಲಿಗಳ ಹೆಂಗಸರು ಒಬ್ಬೊಬ್ಬರಾಗಿ ಗಂಟು ಹಿಡಿದು ಬಸ್ಸಿಗೆ ಹೊರಟರು.

"ನೀ ಹೋಗಂಗಿಲ್ಲೇನ್ ಅಕ್ಕಾ?"

"ಕೌದಿ ಅರ್ಜಂಟ್ ಐತಿ."

ಚಾಳಿನಲ್ಲಿ ಸದ್ದೇ ಇರಲಿಲ್ಲ. ಬಾಗಿಲು ತೆರೆದಿಟ್ಟುಕೊಂಡು ದಿನವಿಡೀ ಹೊಲಿದೆ. ಒಲೆ ಹಚ್ಚಲಿಲ್ಲ. ಹಿಂದಿನ ದಿನದ ರೊಟ್ಟಿಗೆ ಖಾರ ಹಚ್ಚಿಕೊಂಡು ತಿಂದೆ. ಕತ್ತಲಾದ ಮೇಲೆ ಬಾಗಿಲು ಹಾಕಿದೆ.

ಮಳೆಗಾಲ ಕಳೆಯಿತು. ಬಾಡಿಗೆ ಒಂದು ತಿಂಗಳೂ ಬಾಕಿ ನಿಲ್ಲಲಿಲ್ಲ, ಜೋಳ ಯಾರಲ್ಲೂ ಕಡ ಕೇಳಲಿಲ್ಲ. ದೀಪಾವಳಿ ಕಳೆದು ಹೊಸ ಕಾಯಿ ಬಂದಾಗ ಮತ್ತೆ ರಾಶಿಯ ಮುಂದೆ ಕೂತೆ. ನಡೆಯಿತು ಅಂತ ಅಣ್ಣನಿಗೆ ಹೇಳಬೇಕಿತ್ತು. ಅವನು ನಮ್ಮ ಕಡೆ ಹಾಯಲಿಲ್ಲ. ಹಲಗೇರಿಯ ರೈತರು ಚೀಲ ಇಳಿಸಲು ಬಂದರೆ, ನಮ್ಮಣ್ಣ ಹೆಂಗದಾನ ಅಂತ ಕೇಳುತ್ತಿದ್ದೆ. ಆರಾಮದಾನ ಅನ್ನುತ್ತಿದ್ದರು. ಅವನು ನನ್ನನ್ನು ಕೇಳಿದನೇನು ಅಂತ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.