ಒಣದ್ರಾಕ್ಷಿ ಶೆಡ್ಡಿನಲ್ಲಿ ಕೇಳಿದ ಪ್ರಶ್ನೆ

ತೊಂಬತ್ತರ ದಶಕದ ಕೊನೆಯ ವರ್ಷಗಳು. ಬಿ.ಎ. ಮುಗಿಸಿ ಅಥಣಿಯ ಮನೆಯಲ್ಲಿ ಕೂತಿದ್ದ ನನಗೆ ಎರಡು ತಿಂಗಳ ಕೆಲಸವೊಂದು ಸಿಕ್ಕಿತು. ಹಾಲೆಂಡಿನಿಂದ ಬಂದಿದ್ದ ಸಂಶೋಧಕಿಯೊಬ್ಬರ ಜೊತೆ ಹಳ್ಳಿ ತಿರುಗಿ, ಅವರ ಇಂಗ್ಲಿಷ್ ಪ್ರಶ್ನೆಗಳನ್ನು ಜನರಿಗೆ ಕನ್ನಡದಲ್ಲೋ ಮರಾಠಿಯಲ್ಲೋ ಕೇಳಿ ಫಾರಂ ತುಂಬಬೇಕು. ಭೂಮಿ ಬಿಸಿಯಾಗುತ್ತಿರುವ ಬಗ್ಗೆ ಯಾವ ದೇಶದವರಿಗೆ ಎಷ್ಟು ಚಿಂತೆ, ಯಾಕೆ ಎಂಬುದು ಅವರ ಅಧ್ಯಯನ. ಇದೇ ಪ್ರಶ್ನೆಗಳನ್ನು ತಮ್ಮ ಊರಿನಲ್ಲೂ ಕೇಳಿ ಬಂದಿದ್ದರು.

ಒಂದು ದಿನ ಕಾಗವಾಡದ ಹತ್ತಿರ ಜೈನ ಕುಟುಂಬವೊಂದರ ಒಣದ್ರಾಕ್ಷಿ ಶೆಡ್ಡಿಗೆ ಹೋದೆವು. ಐವತ್ತು ದಾಟಿದ ಮನೆಯೊಡತಿ ಬಲೆಯ ಮೇಲೆ ಹರಡಿದ್ದ ದ್ರಾಕ್ಷಿಯಲ್ಲಿ ಕೈಯಾಡಿಸುತ್ತಿದ್ದರು.

“ಕಾಕೂ, ಮುಂದ ಭೂಮಿ ಮ್ಯಾಲ ಬಿಸಿ ಹೆಚ್ಚಾಗತೈತಿ ಅಂತಾರ. ನಿಮಗ ಚಿಂತಿ ಐತೇನ್ರಿ?” ಎಂದೆ.

“ಬಿಸಲ ಹೆಚ್ಚಾದ್ರ ಛಲೋನ ಆತಲ್ಲವಾ, ಮಾಲು ಲಗೂನ ಒಣಗತೈತಿ,” ಎಂದು ನಕ್ಕರು.

‘ಚಿಂತೆ ಇಲ್ಲ’ ಎಂಬಲ್ಲಿ ಗುರುತು ಹಾಕಿದೆ. ಬೆಳಗಿನಿಂದ ಎಲ್ಲರದೂ ಅದೇ ಉತ್ತರ. ಪರದೇಶದವರ ಮುಂದೆ ನನಗೆ ಒಳಗೊಳಗೇ ನಾಚಿಕೆ.

ಚಹಾ ಕೊಟ್ಟರು. ಕುಡಿಯುತ್ತಾ ಸುಮ್ಮನೆ ಕೇಳಿದೆ: “ಮತ್ತ ಯಾತಕ್ಕ ಅಂಜತೀರಿ ಕಾಕೂ?”

ಅವರ ಕೈ ನಿಂತಿತು. “ಅವಕಾಳಿ ಮಳಿಗಿ, ಹೊತ್ತಲ್ಲದ ಹೊತ್ತಿನ್ಯಾಗ ಬರೂ ಮಳಿಗಿ. ಯುಗಾದಿಗಿಂತ ಮೊದ್ಲ ಹಿಂಗ ಬರತಿದ್ದಿಲ್ಲವಾ ಅದು. ಹ್ವಾದ ವರ್ಷ ಶೆಡ್ಡಿನಾಗಿನ ಮಾಲೆಲ್ಲಾ ಕರ್ರಗಾತು. ಈಗ ಮ್ವಾಡ ಕಂಡ್ರ ಉಣ್ಣಾಕ ಮನಸ್ಸಾಗಂಗಿಲ್ಲ.”

ಅದನ್ನು ಇಂಗ್ಲಿಷಿನಲ್ಲಿ ಹೇಳಿದಾಗ ಸಂಶೋಧಕಿ ತಮ್ಮ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಜೀಪು ಹತ್ತಿದ ಮೇಲೆ ಹೇಳಿದರು: “ನಮ್ಮಮ್ಮ ಇದೇ ಫಾರಂನಲ್ಲಿ ‘ಬಹಳ ಚಿಂತೆ’ ಎಂದು ಬರೆದಿದ್ದಾರೆ. ಅವರ ಮನೆಗೆ ಒಂದು ದಿನವೂ ನೀರು ನುಗ್ಗಿಲ್ಲ. ಆದರೆ ಸಮುದ್ರ ಏರುತ್ತದೆ ಅಂತ ಟೀವಿ ಹೇಳುತ್ತದೆ, ಪೇಪರು ಹೇಳುತ್ತದೆ.”

“ಆ ಮಳೆಗೂ ಈ ಬಿಸಿಗೂ ಸಂಬಂಧ ಇರಬಹುದು ಎಂದು ಇಲ್ಲಿಯವರಿಗೆ ಯಾರೂ ಹೇಳಿಲ್ಲ,” ಎಂದೆ. “ನನಗೂ ಹೇಳಿರಲಿಲ್ಲ.”

ಮರುದಿನ ಇನ್ನೊಂದು ಪ್ರಶ್ನೆ ಸೇರಿಸಿದೆವು: ಮಳೆ, ಚಳಿ, ಬಿಸಿಲು ಮೊದಲಿನ ಹಾಗೇ ಇವೆಯೇ? ರಾಯಬಾಗದ ಕಬ್ಬಿನ ಹೊಲಗಳಲ್ಲಿ, ಅಕ್ಕೋಳದ ತಂಬಾಕು ಬೆಳೆಗಾರರ ಕಟ್ಟೆಗಳ ಮೇಲೆ ಜನ ನಮ್ಮನ್ನು ಬಿಡದೆ ಕೂರಿಸಿಕೊಂಡು ಮಾತಾಡಿದರು. ಬರೆದುಕೊಳ್ಳಲು ಫಾರಂನಲ್ಲಿ ಜಾಗ ಸಾಲಲಿಲ್ಲ. ಹಿಂದಿನ ಬದಿಗೂ ಬರೆದೆ.

ಬಹಳ ದಿನಗಳ ಮೇಲೆ ಹಾಲೆಂಡಿನಿಂದ ಸಂಶೋಧಕಿಯ ಪತ್ರ ಬಂತು. ಹೊಸ ಪ್ರಶ್ನೆಯನ್ನು ಬೇರೆ ದೇಶಗಳಲ್ಲಿ ಕೇಳಿಲ್ಲವಾದ್ದರಿಂದ ಆ ಉತ್ತರಗಳನ್ನು ಅಧ್ಯಯನದ ಮೇಲಿನವರು ಕೈಬಿಟ್ಟರಂತೆ. ನಮ್ಮ ಕಡೆಯವರು ಚಿಂತೆ ಕಡಿಮೆ ಇರುವವರ ಪಟ್ಟಿಯಲ್ಲೇ ಉಳಿದಿದ್ದರು. ಎರಡು ದಿನ ಯಾವುದರಲ್ಲೂ ಮನಸ್ಸು ನಿಲ್ಲಲಿಲ್ಲ.

ಅಷ್ಟರಲ್ಲಿ ನಾನು ಚಿಕ್ಕೋಡಿಯ ಶಾಲೆಯೊಂದರಲ್ಲಿ ಟೀಚರಾಗಿದ್ದೆ. ಭೂಮಿ ಬಿಸಿಯಾಗುವ ಪಾಠ ಬಂದಾಗ, ಪುಸ್ತಕದಲ್ಲಿದ್ದ ಹಿಮ ಕರಗುವ ಚಿತ್ರ ತೆಗೆಯುವ ಮೊದಲು ಮಕ್ಕಳನ್ನು ಕೇಳಿದೆ: “ನಿಮ್ಮ ಹೊಲಕ್ಕ ಈ ವರ್ಷ ಮಳಿ ಯಾವಾಗ ಬಂತ್ರೋ?”