ಮೊಣಕೈ ಮಡಚಲು ಕಲಿಸಿದ ವರ್ಷಗಳು

ನಾನು ಬೇಸ್‌ಬಾಲ್ ಕೋಚ್ ಆಗಲು ಒಂದು ನೋಯುವ ಭುಜ ಕಾರಣ. ಭುಜ ನನ್ನದಲ್ಲ.

ಆಗ ನಾನು ನಾಟಿಂಗ್‌ಹ್ಯಾಮ್‌ನ ಒಂದು ಕ್ಲಿನಿಕ್ಕಿನಲ್ಲಿ ಫಿಸಿಯೊಥೆರಪಿಸ್ಟ್ ಆಗಿದ್ದೆ. ಮನೆ ಬೀಸ್ಟನ್‌ನಲ್ಲಿ. ಒಂದು ಮಂಗಳವಾರ ಆರಡಿ ನಾಲ್ಕಿಂಚಿನ ಕಾಲೇಜು ಹುಡುಗನೊಬ್ಬ ಬಾಗಿಲಿಗೆ ತಲೆ ತಗ್ಗಿಸಿ ಒಳಗೆ ಬಂದ. ಲೀಡ್ಸ್‌ನವನು, ಕೆಮಿಸ್ಟ್ರಿ ಓದುತ್ತಿದ್ದ. ಬಲಗೈಯನ್ನು ಎಡಗೈಯಲ್ಲಿ ಮಗುವಿನಂತೆ ಎತ್ತಿಕೊಂಡಿದ್ದ.

"ಕ್ರಿಕೆಟ್ಟಾ?" ಎಂದು ಕೇಳಿದೆ.

"ಅಲ್ಲ, ಬೇಸ್‌ಬಾಲ್. ನಾನು ಪಿಚರ್. ಅಂದ್ರೆ ಚೆಂಡು ಎಸೆಯೋನು."

ಈ ದೇಶದಲ್ಲಿ ಆ ಆಟ ಆಡುವವರೂ ಇದ್ದಾರೆಯೇ ಎಂದು ನನಗೆ ನಗು ಬಂತು. ಅವನು ಕೆಂಪಾದ. "ಕಾಲೇಜಲ್ಲಿ ಟೀಮ್ ಇದೆ. ಒಂಬತ್ತು ಜನ ಬೇಕು, ಒಂಬತ್ತು ಜನ ಇದ್ದೀವಿ. ಒಬ್ಬರಿಗೆ ನೆಗಡಿಯಾದ್ರೆ ಕಷ್ಟ," ಎಂದ.

ಟವೆಲ್ಲನ್ನು ಸುತ್ತಿ ಅವನ ಕೈಗೆ ಕೊಟ್ಟು, ಹೇಗೆ ಎಸೆಯುತ್ತೀಯ ತೋರಿಸು ಎಂದೆ. ಅವನ ತೋಳು ಗಾಳಿಯಂತ್ರದ ರೆಕ್ಕೆಯ ಹಾಗೆ ನೆಟ್ಟಗೆ, ಒಂದಿಷ್ಟೂ ಬಾಗದೆ ಸುತ್ತು ಹೊಡೆಯಿತು. ಇಡೀ ಭಾರ ಭುಜದ ಮೇಲೆ ಬೀಳುತ್ತಿತ್ತು. ನೋಯದೆ ಇನ್ನೇನು?

"ಮೊಣಕೈ ಯಾಕೆ ಮಡಚಲ್ಲ ನೀನು?"

"ಚಿಕ್ಕಂದಿನಿಂದ ಕ್ರಿಕೆಟ್ ಬೌಲರ್ ನಾನು. ಮಡಚಿದ್ರೆ ನಮ್ಮಪ್ಪ ಬೈತಿದ್ರು."

ಆ ಕ್ಷಣ ನನಗಾದ ಸಂತೋಷವನ್ನು ಅವನಿಗೆ ವಿವರಿಸಲು ಸಾಧ್ಯವಿರಲಿಲ್ಲ. ಏಕೆಂದರೆ ನನ್ನ ಕಥೆ ಇದಕ್ಕೆ ತೀರ ತಿರುಗುಮುರುಗು. ಧಾರವಾಡದಲ್ಲಿ ಕಾಲೇಜಿನಲ್ಲಿದ್ದಾಗ ವಿಶ್ವವಿದ್ಯಾಲಯದ ಮಹಿಳಾ ಕ್ರಿಕೆಟ್ ತಂಡದ ಆಯ್ಕೆಗೆ ಹೋಗಿದ್ದೆ. ಅಣ್ಣಂದಿರ ಜೊತೆ ಓಣಿಯಲ್ಲಿ ಆಡಿ ಬೆಳೆದವಳು. ನನ್ನ ಚೆಂಡು ಬಂದರೆ ಗಂಡು ಹುಡುಗರೂ ಪಕ್ಕಕ್ಕೆ ಸರಿಯುತ್ತಿದ್ದರು. ಮೊದಲ ಚೆಂಡಿಗೆ ಅಂಪೈರ್ ಕೈ ಚಾಚಿದರು: ನೋಬಾಲ್. ಎರಡನೆಯದಕ್ಕೂ ನೋಬಾಲ್. ಐದನೆಯದಾದ ಮೇಲೆ ಹತ್ತಿರ ಬಂದು ಮೆತ್ತಗೆ ಹೇಳಿದರು: "ತಂಗಿ, ನೀ ಬೌಲಿಂಗ್ ಮಾಡಾಕತ್ತಿಲ್ಲವ್ವಾ. ಒಗ್ಯಾಕತ್ತೀ. ಮೊಣಕೈ ಮಡಚತೈತಿ." ನಮ್ಮ ಕಡೆ ಒಗೆಯುವುದೆಂದರೆ ಎಸೆಯುವುದು.

ಎಷ್ಟು ಪ್ರಯತ್ನಪಟ್ಟರೂ ಮೊಣಕೈ ನೆಟ್ಟಗಾಗಲಿಲ್ಲ. ನನ್ನ ಕ್ರಿಕೆಟ್ ಅಲ್ಲಿಗೆ ಮುಗಿಯಿತು. ಬಸ್ಸಿನಲ್ಲಿ ಹುಬ್ಬಳ್ಳಿಯವರೆಗೂ ಅತ್ತೆ. ಈಗ ನೋಡಿದರೆ, ಮೊಣಕೈ ಮಡಚಲೇಬೇಕಾದ ಆಟವೊಂದು ಜಗತ್ತಿನಲ್ಲಿದೆ, ಅದನ್ನು ಹೇಗೆ ಮಡಚುವುದೆಂದು ತಿಳಿಯದ ಹುಡುಗ ನನ್ನೆದುರೇ ಕೂತಿದ್ದಾನೆ!

ಆರು ವಾರದಲ್ಲಿ ಭುಜ ಸರಿಯಾಯಿತು. ಚಿಕಿತ್ಸೆ ಮುಗಿದು, ಫೈಲ್ ಮುಚ್ಚಿದ ದಿನ ಅವನು ಬಾಗಿಲಲ್ಲಿ ನಿಂತು, "ಭಾನುವಾರ ಪ್ರಾಕ್ಟೀಸ್ ಇದೆ. ಹತ್ತು ನಿಮಿಷ ಬಂದು ಉಳಿದವರಿಗೂ ತೋರಿಸ್ತೀರಾ?" ಎಂದು ಕೇಳಿದ. ಹತ್ತು ನಿಮಿಷ ತಾನೇ ಎಂದು ಒಪ್ಪಿದೆ.

ಮೈದಾನವೆಂದರೆ ರಗ್ಬಿ ಆಡಿ ಕೆಸರಾದ ಹುಲ್ಲು. ಗೆರೆಗಳನ್ನು ಮೈದಾ ಹಿಟ್ಟಿನಲ್ಲಿ ಹಾಕಿದ್ದರು. ಕ್ಯಾಪ್ಟನ್ ಒಬ್ಬಳು ಗುಂಡು ಗುಂಡಾದ, ಗಟ್ಟಿ ದನಿಯ ಹುಡುಗಿ; ಬರ್ಮಿಂಗ್‌ಹ್ಯಾಮ್‌ನವಳು. ಚೆಂಡು ಹಿಡಿಯುವ ಕ್ಯಾಚರ್ ಕೂಡ ಅವಳೇ. ಮುಖಕ್ಕೆ ಜಾಲರಿ ಹಾಕಿಕೊಂಡು ಕುಕ್ಕರುಗಾಲಲ್ಲಿ ಕೂತು, "ಮಾತು ಬೇಡ, ಒಂದು ಎಸೆದು ತೋರಿಸಿ," ಎಂದಳು.

ನಾನೋ ಮಕ್ಕಳ ತಾಯಿ, ನಲವತ್ತೆರಡು ವಯಸ್ಸು, ಮೈಮೇಲೆ ದಪ್ಪನೆಯ ಕೋಟು. ಕೋಟು ತೆಗೆದು ಹುಲ್ಲಿನ ಮೇಲೆ ಹಾಕಿದೆ. ಎಡಗಾಲು ಎತ್ತಿದೆ. ಇಪ್ಪತ್ತು ವರ್ಷದಿಂದ ಸುಮ್ಮನಿದ್ದ ಮೊಣಕೈ ತನ್ನಷ್ಟಕ್ಕೆ ಮಡಚಿಕೊಂಡಿತು, ಬಿಚ್ಚಿಕೊಂಡಿತು. ಚೆಂಡು ಅವಳ ಗ್ಲೌಸಿನೊಳಗೆ 'ಟಪ್' ಎಂದು ಹೊಡೆದ ಸದ್ದು ಮೈದಾನದ ಆಚೆ ನಾಯಿ ಕರೆದುಕೊಂಡು ಹೋಗುತ್ತಿದ್ದ ಮುದುಕರಿಗೂ ಕೇಳಿಸಿತು. ಅವರು ನಿಂತು ನೋಡಿದರು.

ಆಮೇಲೆ ಎಲ್ಲರೂ ಒಟ್ಟಿಗೆ ಕೂಗಿದರು. ಕ್ಯಾಪ್ಟನ್ ಗ್ಲೌಸ್ ಬಿಚ್ಚಿ ಅಂಗೈಗೆ ಗಾಳಿ ಊದಿಕೊಳ್ಳುತ್ತಾ, "ಬುಧವಾರ ಫ್ರೀ ಇದ್ದೀರಾ?" ಎಂದಳು. ನನ್ನ ಬಾಯಿಂದ "ಇದ್ದೀನಿ" ಎಂದು ಬಂದುಬಿಟ್ಟಿತು. ಬುಧವಾರ ನಾನು ಫ್ರೀ ಇರಲೇ ಇಲ್ಲ. ಮರುದಿನ ಕ್ಲಿನಿಕ್ಕಿಗೆ ಹೋಗಿ ಕೆಲಸದ ಸರದಿ ಬದಲಾಯಿಸಿಕೊಂಡೆ.

ಮನೆಯಲ್ಲಿ ನಮ್ಮವರು ಮೈಸೂರಿನವರು, ಎಂಜಿನಿಯರ್. ಯಾವುದನ್ನೂ ಓದದೆ ಒಪ್ಪುವವರಲ್ಲ.

"ಅಲ್ಲಾ ಕಣೇ, ಆ ಆಟದ ರೂಲ್ಸ್ ಗೊತ್ತಾ ನಿಂಗೆ?"

"ಇಲ್ಲರೀ."

"ಒಂದೂ ಗೊತ್ತಿಲ್ವಾ?"

"ಒಗಿಯೋದು ಗೊತ್ತೈತಿ."

ಪಾಪ, ಅವರೇ ನಿಯಮದ ಪುಸ್ತಕ ತಂದು, ಒಂದು ತಿಂಗಳು ಬೆಳಗ್ಗೆ ದೋಸೆ ಹುಯ್ಯುತ್ತಾ ನನಗೆ ಪಾಠ ಮಾಡಿದರು. ಬ್ಯಾಟು ಹಿಡಿದವನಿಗೆ ಮೂರು ಸಲ ಚೆಂಡು ತಪ್ಪಿದರೆ ಔಟ್. ಪಿಚರ್ ನಾಲ್ಕು ಸಲ ಗುರಿ ತಪ್ಪಿದರೆ ಬ್ಯಾಟು ಹಿಡಿದವನಿಗೆ ಮೊದಲನೇ ಬೇಸಿಗೆ, ಅಂದರೆ ಮೊದಲ ಠಾಣೆಗೆ, ಬಿಟ್ಟಿ ನಡಿಗೆ. ಮೂರೂ ಬೇಸ್ ಮುಟ್ಟಿ ವಾಪಸಾದರೆ ಒಂದು ರನ್. ಉಪ್ಪಿನ ಡಬ್ಬಿ ಮೊದಲನೇ ಬೇಸ್, ಚಟ್ನಿ ಬಟ್ಟಲು ಎರಡನೇ ಬೇಸ್. ಮಗಳು ನಮ್ಮಿಬ್ಬರನ್ನು ನೋಡಿ, "ಯೂ ಟೂ ಆರ್ ಸೋ ವಿಯರ್ಡ್," ಎಂದು ಶಾಲೆಗೆ ಹೋಗುತ್ತಿದ್ದಳು.

ನನ್ನ ಪಾಠದ ರೀತಿ ನನಗೇ ಗೊತ್ತಿಲ್ಲದೆ ರೂಪುಗೊಂಡಿತು. ಇಂಗ್ಲಿಷಿನಲ್ಲಿ ಹೇಳಲು ಶುರುಮಾಡಿದರೆ ಮೂಳೆ, ಸ್ನಾಯು, ಕೋನ ಎಂದು ಕ್ಲಿನಿಕ್ಕಿನ ಭಾಷೆಯೇ ಬರುತ್ತಿತ್ತು, ತಂಡದ ಮಕ್ಕಳು ಆಕಳಿಸುತ್ತಿದ್ದರು. ಒಂದು ದಿನ ಗಡಿಬಿಡಿಯಲ್ಲಿ, "ಎತ್ತು! ತಿರುಗು! ಒಗಿ!" ಎಂದು ಕೂಗಿಬಿಟ್ಟೆ. ಕಾಲೆತ್ತಬೇಕು, ಸೊಂಟ ತಿರುಗಬೇಕು, ಆಮೇಲೆ ಎಸೆಯಬೇಕು, ಅಷ್ಟೇ. ಯಾರಿಗೂ ಅರ್ಥ ಹೇಳಬೇಕಾಗಲಿಲ್ಲ. ಮುಂದಿನ ವಾರದಿಂದ ನಮ್ಮ ನಾಲ್ವರು ಪಿಚರ್‌ಗಳೂ ತಮ್ಮಷ್ಟಕ್ಕೆ "ಎಟ್ಟು, ಟಿರುಗು, ಒಗಿ" ಎಂದು ಗೊಣಗುತ್ತಾ ಎಸೆಯತೊಡಗಿದರು. ಲಫ್‌ಬರೋದಲ್ಲಿ ಒಂದು ಪಂದ್ಯದಲ್ಲಿ ಎದುರಾಳಿ ಕ್ಯಾಪ್ಟನ್ ಅಂಪೈರ್ ಬಳಿ ಹೋಗಿ, ಇವರು ಗುಪ್ತ ಸಂಕೇತ ಬಳಸುತ್ತಿದ್ದಾರೆ ಎಂದು ದೂರು ಕೊಟ್ಟ. ನಾನು ನಕ್ಕು ನಕ್ಕು ಬೆಂಚಿನಿಂದ ಜಾರಿಬಿದ್ದೆ.

ಆದರೆ ನಮ್ಮ ಲೀಡ್ಸ್ ಹುಡುಗನೇ ದೊಡ್ಡ ತಲೆನೋವಾಗಿದ್ದ. ಮೊಣಕೈ ಮಡಚಲು ಕಲಿತ ಮೇಲೆ ಅವನ ಚೆಂಡಿಗೆ ಭಯಂಕರ ವೇಗ ಬಂತು, ದಿಕ್ಕು ಮಾತ್ರ ಬರಲಿಲ್ಲ. ಬೇಲಿ ದಾಟಿಸಿದ, ಸ್ಕೋರ್ ಬರೆಯುತ್ತಿದ್ದ ನಮ್ಮವರ ಚಹಾದ ಫ್ಲಾಸ್ಕ್ ಉರುಳಿಸಿದ. ಪ್ರತಿ ಸಲವೂ "ಸಾರಿ, ಸಾರಿ" ಎಂದು ತಾನೇ ಓಡಿಹೋಗಿ ಚೆಂಡು ತರುತ್ತಿದ್ದ. ನಾನು ಒಂದು ಇಡೀ ಚಳಿಗಾಲ ಹಳೆಯ ಹಾಸಿಗೆಯೊಂದನ್ನು ನಮ್ಮ ಹಿತ್ತಿಲ ಗೋಡೆಗೆ ಆನಿಸಿ, ಅದರ ಮೇಲೆ ಸುಣ್ಣದಲ್ಲಿ ಚೌಕ ಬರೆದು, ಪಿಚರ್‌ಗಳನ್ನೆಲ್ಲ ಶನಿವಾರ ಮನೆಗೇ ಕರೆಸಿದೆ. ಎಸೆದು ಸುಸ್ತಾದವರಿಗೆ ಉಪ್ಪಿಟ್ಟು. ಮಾರ್ಚ್ ಹೊತ್ತಿಗೆ ಅವನ ಹತ್ತರಲ್ಲಿ ಏಳು ಚೆಂಡು ಚೌಕದೊಳಗೆ ಬೀಳುತ್ತಿದ್ದವು.

ಆ ವಸಂತದಲ್ಲಿ ನಮ್ಮವ್ವ ಹುಬ್ಬಳ್ಳಿಯಿಂದ ಬಂದಿದ್ದಳು. ಲೀಡ್ಸ್‌ನಲ್ಲಿ ಕಾಲೇಜುಗಳ ಟೂರ್ನಮೆಂಟ್. "ಮನ್ಯಾಗ ಒಬ್ಬಾಕಿನ ಕುಂತು ಏನ್ ಮಾಡ್ಲಿ?" ಎಂದು ಅವಳೂ ಮಿನಿಬಸ್ ಹತ್ತಿದಳು. ಇಳಕಲ್ ಸೀರೆ, ಅದರ ಮೇಲೆ ಸ್ವೆಟರ್, ಕಾಲಿಗೆ ನನ್ನ ಮಗಳ ಕ್ಯಾನ್ವಾಸ್ ಬೂಟು, ಮಡಿಲಲ್ಲಿ ಚಕ್ಕುಲಿ ಡಬ್ಬಿ.

ಎಂದೂ ಮೊದಲ ಸುತ್ತು ದಾಟದ ನಮ್ಮ ತಂಡ ಅಂದು ಕೊನೆಯ ಇನಿಂಗ್ಸಿನವರೆಗೂ ಒಂದು ರನ್ ಮುಂದಿತ್ತು. ಇನ್ನೊಬ್ಬನನ್ನು ಔಟ್ ಮಾಡಿದರೆ ಸೆಮಿಫೈನಲ್. ಎಸೆಯುತ್ತಿದ್ದವನು ನಮ್ಮ ಲೀಡ್ಸ್ ಹುಡುಗ. ಊರು ಅವನದೇ, ಅಪ್ಪ ಅಮ್ಮ ಕುರ್ಚಿ ಹಾಕಿಕೊಂಡು ಮುಂದೆಯೇ ಕೂತಿದ್ದರು. ಅವರನ್ನು ಕಂಡದ್ದೇ ಅವನ ಚೆಂಡು ಮತ್ತೆ ದಿಕ್ಕು ತಪ್ಪಿತು. ಇಬ್ಬರಿಗೆ ಬಿಟ್ಟಿ ನಡಿಗೆ ಕೊಟ್ಟ. ಮೂರನೆಯವನಿಗೂ ಕೊಟ್ಟ. ಮೂರು ಬೇಸಿನಲ್ಲೂ ಎದುರಾಳಿಗಳು. ಇನ್ನೊಬ್ಬನಿಗೆ ಕೊಟ್ಟರೆ ಎಲ್ಲರೂ ಒಂದೊಂದು ಬೇಸ್ ಮುಂದೆ ಸರಿದು ಸ್ಕೋರ್ ಸಮ.

ಅಂಥ ಹೊತ್ತಿನಲ್ಲಿ ಕೋಚ್ ಒಮ್ಮೆ ಮೈದಾನದೊಳಗೆ ಹೋಗಿ ಪಿಚರ್ ಜೊತೆ ಮಾತಾಡಬಹುದು. ನಾನು ಹೊರಟೆ. ಏನು ಹೇಳಬೇಕೆಂದು ಯೋಚಿಸುತ್ತಾ ಅವನ ಬಳಿ ನಿಂತಾಗ, ಅವನ ಕಣ್ಣು ನನ್ನ ಬೆನ್ನ ಹಿಂದೆ ಹೊರಳಿತು. ತಿರುಗಿ ನೋಡಿದರೆ ಅವ್ವ. ಸೀರೆಯ ನಿರಿಗೆ ಎತ್ತಿ ಹಿಡಿದು, ಡಬ್ಬಿಯ ಸಮೇತ, ಮೈದಾನದ ನಟ್ಟನಡುವೆ ಬರುತ್ತಿದ್ದಳು.

"ಯವ್ವಾ, ನೀ ಯಾಕ ಬಂದಿ!"

"ಹುಡುಗನ ಮಾರಿ ನೋಡ, ಹೆಂಗ ಬಿಳಿಚೈತಿ. ಮುಂಜಾನಿಂದ ಏನೂ ತಿಂದಿಲ್ಲದು."

ಅಂಪೈರ್ ಓಡಿಬಂದರು. "ಇವರು ಯಾರು?"

ನಾನು ಬಾಯಿ ತೆರೆಯುವ ಮುನ್ನವೇ ಕ್ಯಾಪ್ಟನ್ ಮುಖದ ಜಾಲರಿ ಮೇಲೆತ್ತಿ, ಒಂದಿಷ್ಟೂ ನಗದೆ ಹೇಳಿದಳು: "ಅಸಿಸ್ಟೆಂಟ್ ಪಿಚಿಂಗ್ ಕೋಚ್."

ಅಂಪೈರ್ ಸೀರೆ ನೋಡಿದರು, ಡಬ್ಬಿ ನೋಡಿದರು, ಗಡಿಯಾರ ನೋಡಿದರು. "ಒಂದು ನಿಮಿಷ," ಎಂದರು.

ಅವ್ವ ಹುಡುಗನ ಅಂಗೈಗೆ ಒಂದು ಚಕ್ಕುಲಿ ಇಟ್ಟಳು. ಮೇಲೆ ನೋಡಿ ನೋಡಿ ಕತ್ತು ನೋಯಿಸಿಕೊಂಡು, ಅವನ ಮೊಣಕೈ ತಟ್ಟಿ, "ಹೆದರಬ್ಯಾಡ ತಮ್ಮಾ. ಜೋರ್ಲೆ ಒಗಿ," ಎಂದಳು.

ಅದರಲ್ಲಿ ಅವನಿಗೆ ತಿಳಿದಿದ್ದು ಒಂದೇ ಪದ. ಆದರೆ ಆ ಪದ ಅವನಿಗೆ ಚೆನ್ನಾಗಿ ಗೊತ್ತಿತ್ತು. "ಒಗಿ?" ಎಂದ. "ಹ್ಞೂಂ, ಒಗಿ," ಎಂದಳು ಅವ್ವ. ಅವನು ನಕ್ಕುಬಿಟ್ಟ, ಬಾಯಲ್ಲಿದ್ದ ಚಕ್ಕುಲಿಯ ಪುಡಿ ಉದುರುವಂತೆ. ನಾನು ಸಿದ್ಧಪಡಿಸಿಕೊಂಡಿದ್ದ ಮಾತೊಂದನ್ನೂ ಹೇಳದೆ ಅವ್ವನ ಕೈ ಹಿಡಿದು ಹಿಂದಿರುಗಿದೆ.

ಮೂರು ಚೆಂಡು. ಮೂರೂ ಟಪ್, ಟಪ್, ಟಪ್. ಬ್ಯಾಟು ಗಾಳಿಯನ್ನಷ್ಟೇ ಹೊಡೆಯಿತು. ಕ್ಯಾಪ್ಟನ್ ಓಡಿಬಂದು ಅವನ ಮೇಲೆ ಹಾರಿದಳು, ಉಳಿದವರು ಅವಳ ಮೇಲೆ ಹಾರಿದರು, ನಮ್ಮವರು ಸ್ಕೋರ್ ಪುಸ್ತಕ ಗಾಳಿಗೆ ಎಸೆದು ಕುಣಿದರು. ಹುಡುಗನ ಅಪ್ಪ, ಆ ಮೊಣಕೈ ಮಡಚಿದ್ದಕ್ಕೆ ಬೈಯುತ್ತಿದ್ದ ಮನುಷ್ಯ, ನನ್ನ ಕೈ ಕುಲುಕಿ ಎಷ್ಟು ಹೊತ್ತಾದರೂ ಬಿಡಲಿಲ್ಲ. ಅವರ ಕಣ್ಣು ಒದ್ದೆಯಾಗಿತ್ತು. ನನಗಂತೂ ನೆಲ ಕಾಲಿಗೆ ತಾಗುತ್ತಿರಲಿಲ್ಲ.

ಸೆಮಿಫೈನಲ್ಲಿನಲ್ಲಿ ಹನ್ನೆರಡು ರನ್ನುಗಳಿಂದ ಸೋತೆವು. ಎದುರಾಳಿ ಮ್ಯಾಂಚೆಸ್ಟರ್ ತಂಡ ನಮ್ಮನ್ನು ಹಿಟ್ಟು ಮಾಡಿತು. ಯಾರಿಗೂ ಬೇಜಾರಾಗಲಿಲ್ಲ. ಮಿನಿಬಸ್ಸಿನಲ್ಲಿ ಬೀಸ್ಟನ್‌ವರೆಗೂ ಹಾಡಿದರು. ಅವ್ವ ಡಬ್ಬಿ ಖಾಲಿಯಾದದ್ದನ್ನು ತೋರಿಸಿ, "ಇವರ್ಯಾರೂ ಊಟಾನ ಮಾಡಂಗಿಲ್ಲೇನ?" ಎಂದು ನನ್ನನ್ನೇ ತರಾಟೆಗೆ ತೆಗೆದುಕೊಂಡಳು.

ಆ ಬೇಸಿಗೆ ಕಾಲೇಜಿನಿಂದ ನೀಲಿ ಜಾಕೆಟ್ ಬಂತು, ಬೆನ್ನ ಮೇಲೆ 'ಪಿಚಿಂಗ್ ಕೋಚ್' ಎಂದು ಬರೆದದ್ದು. ತೋಳು ನನಗೆ ಉದ್ದ. ಆದರೂ ಅದನ್ನು ಹಾಕಿಕೊಂಡೇ ತರಕಾರಿ ತರಲು ಲೆಸ್ಟರ್‌ಗೆ ಹೋದೆ. ಬೆಂಡೆಕಾಯಿ ಆರಿಸುವಾಗ ಬೇಕೆಂದೇ ಎಲ್ಲರಿಗೂ ಬೆನ್ನು ತೋರಿಸಿ ನಿಂತಿದ್ದೆ.

ಈಗ ಎಂಟನೇ ವರ್ಷ. ಹುಡುಗ ಓದು ಮುಗಿಸಿ ಕೆಲಸಕ್ಕೆ ಸೇರಿದ. ಕ್ಯಾಪ್ಟನ್ ಬರ್ಮಿಂಗ್‌ಹ್ಯಾಮ್‌ನ ಒಂದು ಶಾಲೆಯಲ್ಲಿ ಟೀಚರ್, ಅಲ್ಲಿಯೂ ಒಂದು ತಂಡ ಕಟ್ಟಿದ್ದಾಳಂತೆ. ಮೊನ್ನೆ ಅಕ್ಟೋಬರಿನ ಮೊದಲ ಬುಧವಾರ ಹೊಸಬರು ಇಪ್ಪತ್ತಮೂರು ಜನ ಬಂದರು. ಜಿಟಿಜಿಟಿ ಮಳೆ. ಅರ್ಧಕ್ಕರ್ಧ ಜನ ಈ ಚೆಂಡನ್ನು ಕೈಯಲ್ಲಿ ಹಿಡಿದವರೇ ಅಲ್ಲ. ಒಬ್ಬಳು ಕೈ ಎತ್ತಿ, "ನನಗೆ ಎಸೆಯೋಕೆ ಬರಲ್ಲ, ತೊಂದರೆ ಇಲ್ವಾ?" ಎಂದು ಕೇಳಿದಳು. ತೊಂದರೆಯೇ ಇಲ್ಲ ಎಂದು ಅವಳ ಕೈಗೆ ಚೆಂಡು ಕೊಟ್ಟೆ. ಅವಳು ಎಸೆದದ್ದು ನೇರ ಹಿಂದಕ್ಕೆ ಹೋಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೇ ಎಲ್ಲರಿಗಿಂತ ಜೋರಾಗಿ ತಟ್ಟಿದೆ.